ಎದುರಂಗಡಿ ಆಟ

ನಮ್ಮೂರಿನಲ್ಲಿ ಒಂದೇ ಕಸುಬಿನ ಇಬ್ಬರು ಎದುರಾದರೆ ಗಂಟಲಿನಿಂದ ಮಾತು ಏಳುತ್ತಿರಲಿಲ್ಲ. ಬಾಯಿ ತೆರೆಯುತ್ತಿತ್ತು, ತುಟಿ ಅಲ್ಲಾಡುತ್ತಿತ್ತು, ಸದ್ದು ಮಾತ್ರ ಇಲ್ಲ. ಒಂದೇ ಅಂಗಡಿಯ ಅನ್ನ ಉಣ್ಣುವವರಿಗೆ ಈ ತೊಂದರೆ ಇರಲಿಲ್ಲ. ಅಂಗಡಿ ಎರಡಾಯಿತೆಂದರೆ ಒಡಹುಟ್ಟಿದವರಾದರೂ ಅಷ್ಟೇ. ಹಾಗಾಗಿ ಮದುವೆಮನೆಯಲ್ಲಿ ಪಂಕ್ತಿ ನೋಡಿಕೊಳ್ಳುವವರು ಇಬ್ಬರು ದರ್ಜಿಗಳನ್ನೋ ಇಬ್ಬರು ಹಲ್ಲಿನ ಡಾಕ್ಟರುಗಳನ್ನೋ ಅಕ್ಕಪಕ್ಕ ಕೂರಿಸುತ್ತಿರಲಿಲ್ಲ. ಹೆಣ್ಣು ಕೇಳಲು ಬಂದವರ ಹತ್ತಿರ ಜಾತಕಕ್ಕಿಂತ ಮೊದಲು ಕಸುಬು ವಿಚಾರಿಸುತ್ತಿದ್ದರು. ಮಗಳು ನಾಳೆ ತವರಿನವರ ಜೊತೆ ಮಾತಾಡಲಾರದ ಹಾಗೆ ಆಗಬಾರದಲ್ಲ. ಚೀಟಿ ಬರೆಯೋಣವೆಂದರೆ ಬೆರಳು ಮರಗಟ್ಟುತ್ತಿದ್ದವು. ಮೂರನೆಯವರ ಬಾಯಲ್ಲಿ ಹೇಳಿ ಕಳಿಸಬಹುದಿತ್ತು, ವ್ಯಾಪಾರದ ಮಾತು ಹಾಗೆ ಹೋಗಿಬರುತ್ತಲೂ ಇತ್ತು. ಆದರೆ ಮನಸ್ಸಿನ ಮಾತನ್ನು ಯಾರು ಹಾಗೆ ಹೇಳಿ ಕಳಿಸುತ್ತಾರೆ?

ನನ್ನ ಅಪ್ಪ ಹಾಲಪ್ಪನದು ತಗಡಿನ ಟ್ರಂಕುಗಳ ಅಂಗಡಿ. ಮದುಮಗಳ ಸೀರೆಗೆ ಒಂದು ಟ್ರಂಕು, ಹಾಸ್ಟೆಲ್ಲಿಗೆ ಹೋಗುವ ಮಕ್ಕಳಿಗೆ ಒಂದು ಟ್ರಂಕು, ಅಜ್ಜಿಯರು ಮಂಚದ ಕೆಳಗೆ ತಳ್ಳಿ ಬೀಗ ಹಾಕಿಟ್ಟುಕೊಳ್ಳಲು ಒಂದು. ಅದೇ ಬೀದಿಯ ಇನ್ನೊಂದು ತುದಿಯಲ್ಲಿ ತೋಟಪ್ಪನ ಟ್ರಂಕಿನಂಗಡಿ. ಅಪ್ಪ ಮತ್ತು ತೋಟಪ್ಪ ಒಂದೇ ಗುರುವಿನ ಕೈಕೆಳಗೆ ಸುತ್ತಿಗೆ ಹಿಡಿಯಲು ಕಲಿತವರು, ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಚಾಪೆಯಲ್ಲಿ ಮಲಗಿದವರು. ಗುರು ತೀರಿಕೊಂಡ ಮೇಲೆ ಅವರ ಮಕ್ಕಳು ಅಂಗಡಿ ಮಾರಿದರು, ಇವರಿಬ್ಬರೂ ಬೇರೆಬೇರೆಯಾಗಿ ಅಂಗಡಿ ಇಟ್ಟರು. ಅಂದಿನಿಂದ ಅವರ ನಡುವೆ ಮಾತಿಲ್ಲ. ಬೀದಿಯಲ್ಲಿ ಎದುರಾದರೆ ಒಬ್ಬರು ತಲೆ ಆಡಿಸುತ್ತಿದ್ದರು, ಇನ್ನೊಬ್ಬರು ಹೆಗಲ ಮೇಲಿನ ಟವಲು ಸರಿಮಾಡಿಕೊಳ್ಳುತ್ತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದು ಅಷ್ಟೇ.

ಮಾತಿಲ್ಲದ ಕಡೆ ಊಹೆಯೇ ಬಂಡವಾಳ. ಎದುರಂಗಡಿಯವನು ಈ ಸಲ ಬೆಲೆ ಇಳಿಸುತ್ತಾನೋ, ಸಾಲ ಕೊಡುತ್ತಾನೋ, ಹೊಸ ಬಣ್ಣ ತರುತ್ತಾನೋ ಎಂದು ತಿಳಿಯಲು ನಮ್ಮೂರಿನ ವ್ಯಾಪಾರದ ಮನೆಗಳಲ್ಲೆಲ್ಲ ಒಂದು ಆಟವಿತ್ತು. ಎದುರಂಗಡಿ ಆಟ ಎನ್ನುತ್ತಿದ್ದೆವು. ಅಮಾವಾಸ್ಯೆಯ ದಿನ ಅಂಗಡಿ ಬಾಗಿಲು ತೆಗೆಯುತ್ತಿರಲಿಲ್ಲವಲ್ಲ, ಮಧ್ಯಾಹ್ನದ ಊಟ ಮುಗಿಸಿ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಸೇರುತ್ತಿದ್ದೆವು. ಎರಡು ಹಳೆಯ ಟ್ರಂಕುಗಳನ್ನು ಎದುರುಬದುರು ಇಟ್ಟು, ಒಂದರ ಮೇಲೆ ಅಪ್ಪ ಅಪ್ಪನಾಗಿಯೇ ಕೂರುತ್ತಿದ್ದ. ಇನ್ನೊಂದರ ಮೇಲೆ ಪಾರಿಸಣ್ಣ ತೋಟಪ್ಪನಾಗಿ ಕೂರುತ್ತಿದ್ದ. ನನ್ನ ಸೋದರಮಾವ ರುದ್ರಮುನಿ ಗಿರಾಕಿ. ಒಂದು ಸಲ ಮದುಮಗಳ ತಂದೆಯಾಗಿ ಬಂದು ಚೌಕಾಸಿ ಮಾಡುತ್ತಿದ್ದ, ಇನ್ನೊಂದು ಸಲ ಹಾಸ್ಟೆಲ್ ವಾರ್ಡನ್ ಆಗಿ ಬಂದು ಗತ್ತು ತೋರಿಸುತ್ತಿದ್ದ. ಏನೇನಾಗಬಹುದೆಂದು ಹೇಳುವವಳು ನಾನು. ತಗಡಿನ ಬೆಲೆ ಏರಿತು ಅನ್ನುತ್ತಿದ್ದೆ, ಸೇತುವೆ ಆಚೆ ಹೊಸ ಕಾಲೇಜು ಬಂತು ಅನ್ನುತ್ತಿದ್ದೆ, ಈ ವರ್ಷ ಮುಹೂರ್ತಗಳೇ ಇಲ್ಲ ಅನ್ನುತ್ತಿದ್ದೆ. ಅಪ್ಪ ಒಂದು ನಡೆ ಹೇಳಿದರೆ ಪಾರಿಸಣ್ಣ ತೋಟಪ್ಪನ ನಡೆ ಹೇಳಬೇಕು.

ಪಾರಿಸಣ್ಣ ನಾಟಕದ ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದವನು. ಕಂಪನಿ ನಷ್ಟದಲ್ಲಿ ನಮ್ಮೂರಿನಲ್ಲೇ ಮುಳುಗಿ, ಉಳಿದವರು ರೈಲು ಹತ್ತಿದಾಗ ಇವನೊಬ್ಬ ಇಲ್ಲೇ ಉಳಿದುಬಿಟ್ಟ. ಊರಿನಲ್ಲಿ ಬೇರೆ ನಟರಿರಲಿಲ್ಲವಾದ್ದರಿಂದ ಎಲ್ಲರ ಜೊತೆಗೂ ಅವನಿಗೆ ಮಾತು. ಬೆಳಿಗ್ಗೆ ತೋಟಪ್ಪನ ಅಂಗಡಿಯ ಕಟ್ಟೆಯ ಮೇಲೆ ಕೂತು ಅವನ ಜೊತೆ ಚಹಾ ಕುಡಿದು, ಅವನು ಸಿಟ್ಟಿನಲ್ಲಿ ಹೇಗೆ ಮೂಗು ಉಜ್ಜಿಕೊಳ್ಳುತ್ತಾನೆ, ಗಿರಾಕಿ ಎದ್ದು ಹೊರಟಾಗ ಹೇಗೆ ಬೇಕೆಂದೇ ಕರೆಯದೆ ಸುಮ್ಮನಿರುತ್ತಾನೆ ಎಂದು ನೋಡಿಕೊಂಡು ಬರುತ್ತಿದ್ದ. ಯಾಕೆ ಬರುತ್ತಾನೆಂದು ತೋಟಪ್ಪನಿಗೂ ಗೊತ್ತಿತ್ತು. ಆದರೂ ಚಹಾ ತರಿಸುತ್ತಿದ್ದ.

ಆಟ ಸುಳ್ಳಾಗುತ್ತಿರಲಿಲ್ಲ. ಒಮ್ಮೆ ನಾವು ಬೀಗ ಪುಕ್ಕಟೆ ಕೊಡುತ್ತೇವೆ ಅಂದಾಗ ಪಾರಿಸಣ್ಣ ಮೂಗು ಉಜ್ಜಿಕೊಂಡು, ನಾನು ಮುಚ್ಚಳದ ಮೇಲೆ ಮದುಮಗಳ ಹೆಸರು ಬರೆಸಿಕೊಡ್ತೀನಿ, ಬೀಗ ನೀವೇ ಇಟ್ಕೊಳ್ಳಿ ಅಂದ. ಮಾವ ನಕ್ಕ. ನಾನು ನಗಲಿಲ್ಲ, ಮಾರನೆಯ ದಿನವೇ ಬೋರ್ಡು ಬರೆಯುವವನನ್ನು ಹಿಡಿದು ತಂದೆ. ತೋಟಪ್ಪನ ಅಂಗಡಿಯಲ್ಲಿ ಹೆಸರು ಬರೆಯುವುದು ಶುರುವಾಗುವ ಹೊತ್ತಿಗೆ ಅರ್ಧ ಊರಿನ ಮದುಮಕ್ಕಳ ಹೆಸರು ನಮ್ಮ ಟ್ರಂಕುಗಳ ಮೇಲಿತ್ತು. ಬಳ್ಳಿ, ಎರಡು ಗಿಳಿ, ನಡುವೆ ಹೆಸರು. ಇವತ್ತಿಗೂ ಯಾರದಾದರೂ ಅಟ್ಟದ ಮೇಲಿಂದ ಆ ಬಳ್ಳಿಯ ಟ್ರಂಕು ಇಳಿದರೆ ನನಗೆ ಆ ಚಪ್ಪರದ ಬಿಸಿ, ಪೇಂಟಿನ ವಾಸನೆ, ಮಾವನ ಮನೆಯಿಂದ ಅತ್ತೆ ತಂದಿಡುತ್ತಿದ್ದ ಮಂಡಕ್ಕಿ ಎಲ್ಲ ಒಟ್ಟಿಗೆ ನೆನಪಾಗುತ್ತದೆ. ಆಟ ಮುಗಿದ ಮೇಲೂ ಅಪ್ಪ ಏಳುತ್ತಿರಲಿಲ್ಲ. ಪಾರಿಸಣ್ಣನನ್ನು ಇನ್ನೂ ಸ್ವಲ್ಪ ಹೊತ್ತು ತೋಟಪ್ಪನಾಗಿಯೇ ಕೂರಿಸಿಕೊಂಡು, ವ್ಯಾಪಾರಕ್ಕೆ ಸಂಬಂಧವಿಲ್ಲದ್ದು ಕೇಳುತ್ತಿದ್ದ. ಮಂಡಿನೋವು ಹೇಗಿದೆ, ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ ಎಂದು. ಎದುರಾಳಿಯ ಮಂಡಿಯನ್ನೂ ಬಿಡದ ಅಪ್ಪನ ಜಾಣತನವೆಂದೇ ನಾನು ತಿಳಿದಿದ್ದೆ.

ಅಂಗಡಿ ನನಗೇ ಬರಬೇಕಿತ್ತು. ಅಮ್ಮ ಇರಲಿಲ್ಲ, ನಾನೊಬ್ಬಳೇ ಮಗಳು, ತಗಡು ಕತ್ತರಿಸುವುದರಿಂದ ಹಿಡಿದು ಗಿರಾಕಿಯನ್ನು ಒಲಿಸುವವರೆಗೆ ಎಲ್ಲ ಬರುತ್ತಿತ್ತು. ಒಂದು ವರ್ಷ ನಾನೊಂದು ಯೋಜನೆ ಹಾಕಿದೆ. ಬಸ್ ಸ್ಟ್ಯಾಂಡಿನ ಎದುರಿಗೆ ಎರಡನೆಯ ಅಂಗಡಿ. ಹಾಸ್ಟೆಲ್ಲುಗಳು ತೆರೆಯುವ ಮೊದಲೇ ಅಲ್ಲಿ ಕೂತರೆ ಹಳ್ಳಿಗಳಿಂದ ಇಳಿಯುವ ಮಕ್ಕಳೆಲ್ಲ ಬೀದಿಯ ಒಳಗೆ ಬರುವ ಮೊದಲೇ ನಮ್ಮ ಕೈಗೆ. ಅಮಾವಾಸ್ಯೆಗೆ ಅದನ್ನೇ ಆಟಕ್ಕೆ ಇಟ್ಟೆ.

ಅಪ್ಪ ನಡೆ ಹೇಳಿದ. ನಾವೆಲ್ಲ ಪಾರಿಸಣ್ಣನ ಮುಖ ನೋಡಿದೆವು. ಅವನು ಮೂಗು ಉಜ್ಜಿಕೊಳ್ಳಲಿಲ್ಲ. ಬಲಗೈಯನ್ನು ಎಡಗೈಯಿಂದ ಎತ್ತಿ ಮುಚ್ಚಳದ ಮೇಲೆ ಇಟ್ಟುಕೊಂಡು, ಎರಡು ಸಲ ಉಸಿರೆಳೆದ.

"ಮಾಡ್ಕೊಳ್ಳಿ," ಅಂದ. "ನಾನು ಏನೂ ಮಾಡೋನಲ್ಲ."

ಇದೆಂಥ ನಡೆ ಎಂದು ಮಾವ ಕೇಳಿದ. ತೋಟಪ್ಪ ಸುಮ್ಮನೆ ಕೂರುವವನಲ್ಲ, ಒಂದೋ ಬೆಲೆ ಇಳಿಸುತ್ತಾನೆ ಇಲ್ಲವೋ ಪಕ್ಕದ ಮಳಿಗೆ ಹಿಡಿಯುತ್ತಾನೆ, ಸರಿಯಾಗಿ ಆಡು ಎಂದ. ಪಾರಿಸಣ್ಣ ಕೈ ಅಲ್ಲಾಡಿಸಲಿಲ್ಲ. ಅಪ್ಪ ಮಾತ್ರ ಮುಂದಕ್ಕೆ ಬಾಗಿದ್ದ.

"ಪಾರಿಸಣ್ಣ, ಆಟ ಆಡ್ತಿದ್ದೀಯೋ, ನೋಡಿದ್ದು ಹೇಳ್ತಿದ್ದೀಯೋ?"

"ನೋಡಿದ್ದನ್ನೇ ಆಡ್ತಿದ್ದೀನಿ ಹಾಲಪ್ಪಣ್ಣ."

ಆಮೇಲೆ ಬಿಡಿಸಿ ಹೇಳಿದ. ತೋಟಪ್ಪ ಈಗ ಸುತ್ತಿಗೆ ಮುಟ್ಟುತ್ತಿಲ್ಲ. ಗೋಡೆ ಹಿಡಿದು ಒಳಗೆ ಹೋಗುತ್ತಾನೆ. ತರಿಸಿದ ಚಹಾ ಕೆನೆಗಟ್ಟಿ ಹಾಗೇ ಇರುತ್ತದೆ. ಅವನಿಗೆ ಮಕ್ಕಳಿಲ್ಲ, ಅಣ್ಣನ ಮಗಳು ನೀಲವ್ವ ಅಂಗಡಿ, ಆಸ್ಪತ್ರೆ ಎರಡನ್ನೂ ಒಬ್ಬಳೇ ಸುತ್ತುತ್ತಿದ್ದಾಳೆ. ಹೃದಯ ದಣಿದಿದೆ ಎಂದು ಡಾಕ್ಟರು ಹೇಳಿದ್ದಾರಂತೆ. ಹೆಚ್ಚು ದಿನ ಇಲ್ಲವಂತೆ.

ಹಾಗಾದರೆ ಇದೇ ಸಮಯ ಎಂದು ಮಾವ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಆಟ ಇರುವುದೇ ಎದುರಿನವನ ಬಲಹೀನತೆ ಹುಡುಕಲು. ಈ ಸಲ ಮುನ್ನುಗ್ಗಿದರೆ ಮದುವೆಯ ಕಾಲ ಬರುವಷ್ಟರಲ್ಲಿ ಬೀದಿಯಲ್ಲಿ ಟ್ರಂಕು ಅಂದರೆ ಹಾಲಪ್ಪನ ಅಂಗಡಿ ಒಂದೇ ಎಂದು ಅವನ ವಾದ. ಲೆಕ್ಕ ಸರಿಯಾಗಿಯೇ ಇತ್ತು. ಅಪ್ಪ ಎದ್ದು ಒಳಗೆ ಹೋದ. ಅವನು ಆಟದ ನಡುವೆ ಎದ್ದು ಹೋಗಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಮಾರನೆಯ ದಿನ ಒಗೆದ ಅಂಗಿ ಹಾಕಿಕೊಂಡು ಬೀದಿಯ ಆ ತುದಿಗೆ ನಡೆದುಹೋದ. ನಮ್ಮ ಕಟ್ಟೆಯಿಂದ ನನಗೆ ಕಾಣಿಸುತ್ತಿತ್ತು. ತೋಟಪ್ಪನ ಅಂಗಡಿಯ ಮುಂದೆ ನಿಂತ. ತೋಟಪ್ಪ ಹೊರಗೆ ಬಂದು ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಇಬ್ಬರ ತುಟಿಗಳೂ ಆಡುತ್ತಿದ್ದವು. ಗಿರಾಕಿಗಳು ಗೌರವದಿಂದ ದೂರ ಸರಿದರು, ಅಂಥದ್ದನ್ನು ನಿಂತು ನೋಡುವುದು ನಮ್ಮೂರಿನಲ್ಲಿ ಸಭ್ಯತೆಯಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ವಾಪಸು ಬಂದು, ನನ್ನ ಹತ್ತಿರ ನೀರು ಕೇಳಿ ಕುಡಿದ.

ಸಂಜೆ ಅಂಗಡಿಯಲ್ಲಿ ಕೆಲಸದವರು ಹೋದ ಮೇಲೆ ನನ್ನನ್ನು ಕರೆದು ಕೂರಿಸಿಕೊಂಡ. ಎಷ್ಟು ಸುತ್ತಿಬಳಸಿ ಮಾತಾಡಿದನೋ. ಗುರುವಿನ ಮನೆಯ ಚಾಪೆಯಿಂದ ಶುರುಮಾಡಿದ, ತಗಡಿನ ಬೆಲೆಗೆ ಹೋದ, ನನ್ನ ಮದುವೆಯ ವಿಷಯ ಎತ್ತಿ ಬಿಟ್ಟ. ಕೊನೆಗೆ ನೆಲ ನೋಡುತ್ತ ಹೇಳಿದ.

"ಬೋರ್ಡು ಇಳಿಸೋಣ ಅಂತಿದ್ದೀನಿ ಶಾಂಭವಿ. ಅಂಗಡಿ ನಿನ್ನ ಹೆಸರಿಗೆ ಮಾಡಿ ನಾನು ಮನೇಲಿ ಕೂತ್ರೆ ಆಗಲ್ಲ, ಈ ಅಂಗಡಿ ಅನ್ನ ಉಣ್ಣೋವರೆಗೂ ಗಂಟಲು ಬಿಡಲ್ಲ. ನಿನಗೆ ಏನೂ ಉಳಿಯಲ್ಲ. ಅದು ಗೊತ್ತಿದ್ದೇ ಕೇಳ್ತಿದ್ದೀನಿ. ನೀನು ಬೇಡ ಅಂದ್ರೆ ಬೇಡ."

ನಾನು ಸುತ್ತ ನೋಡಿದೆ. ಬಣ್ಣ ಒಣಗಲು ನಿಲ್ಲಿಸಿದ ಟ್ರಂಕುಗಳು, ಗೋಡೆಗೆ ನೇತುಹಾಕಿದ ಕತ್ತರಿಗಳು, ಬಸ್ ಸ್ಟ್ಯಾಂಡಿನ ಮಳಿಗೆಗೆಂದು ನಾನೇ ಬರೆಸಿಟ್ಟ ಹೊಸ ಬೋರ್ಡು. ಇಷ್ಟು ವರ್ಷ ತೋಟಪ್ಪ ಮುಂದೆ ಏನು ಮಾಡುತ್ತಾನೆಂದು ಊಹಿಸುತ್ತಿದ್ದವಳಿಗೆ, ಇತ್ತಕಡೆ ಕೂತಿದ್ದ ಅಪ್ಪ ಏನು ಮಾಡಿಯಾನು ಎಂಬ ಊಹೆ ಒಮ್ಮೆಯೂ ಬಂದಿರಲಿಲ್ಲ. ಅವನ ಮುಖ ನೋಡಿದೆ. ಬೇಡ ಅಂದರೆ ಅವನು ನಿಜವಾಗಿಯೂ ಸುಮ್ಮನಾಗುತ್ತಿದ್ದ, ಮತ್ತೆಂದೂ ಆ ಮಾತು ಎತ್ತುತ್ತಿರಲಿಲ್ಲ. ಅದೇ ನನ್ನ ಕೈಲಿ ತಡೆಯಲಾಗದ್ದು. ಏಣಿ ಎಲ್ಲಿದೆ ಎಂದು ಕೇಳಿದೆ.

ಮಾವ ಎರಡು ದಿನ ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ. ನಾನು ಏಣಿ ಹತ್ತಿದೆ, ಅಪ್ಪ ಕೆಳಗೆ ಹಿಡಿದುಕೊಂಡ, ಬೋರ್ಡು ಇಳಿಯಿತು. ಅಪ್ಪ ಅಲ್ಲಿಂದಲೇ ನೇರ ತೋಟಪ್ಪನ ಬಾಗಿಲಿಗೆ ಹೋದ. ಮಾತು ಬರಲಿಲ್ಲ. ಉಗ್ರಾಣದಲ್ಲಿ ಇನ್ನೂ ಟ್ರಂಕುಗಳಿದ್ದವಲ್ಲ, ಅವು ಇರುವವರೆಗೆ ನಾವು ಟ್ರಂಕಿನವರೇ. ಊರಿಗೆ ಹಂಚಿಬಿಡೋಣ ಎಂದು ಅಪ್ಪ ಹೊರಟ. ನಾನೇ ತಡೆದೆ. ಊರಿಗೆಲ್ಲ ಪುಕ್ಕಟೆ ಟ್ರಂಕು ಹೋದರೆ ಈ ವರ್ಷ ತೋಟಪ್ಪನ ಅಂಗಡಿಗೆ ಯಾರು ಬರುತ್ತಾರೆ, ಸಾಯುವ ಮನುಷ್ಯನಿಗೆ ಬಾಗಿಲು ಮುಚ್ಚಿದ ಅಂಗಡಿ ತೋರಿಸುತ್ತೀಯಾ ಎಂದೆ. ಹಾಗಾಗಿ ಟ್ರಂಕು, ತಗಡು, ಅಚ್ಚು, ಕತ್ತರಿ ಎಲ್ಲವನ್ನೂ ತೋಟಪ್ಪನಿಗೇ ಮಾರಬೇಕು, ಕೆಲಸದವರೂ ಅಲ್ಲಿಗೇ ಹೋಗಬೇಕು ಎಂದು ನಿಶ್ಚಯವಾಯಿತು. ನಡುವೆ ಪಾರಿಸಣ್ಣ ಓಡಾಡಿದ. ತೋಟಪ್ಪ ಎಷ್ಟಕ್ಕೆ ಒಪ್ಪುತ್ತಾನೆಂದು ಅವನಿಗೆ ಮೊದಲೇ ಗೊತ್ತು, ಅಪ್ಪ ಎಲ್ಲಿಗೆ ಇಳಿಯುತ್ತಾನೆಂದೂ ಗೊತ್ತು. ದಾರಿಯಲ್ಲಿ ಒಬ್ಬನೇ ಎರಡೂ ಕಡೆಯ ಚೌಕಾಸಿ ಮುಗಿಸಿಕೊಂಡು ಬರುತ್ತಿದ್ದಾನೆ ಎಂದು ಮಾವ ಹೇಳಿ, ಕೊನೆಗೂ ನಮ್ಮ ಮನೆಯಲ್ಲಿ ಊಟಕ್ಕೆ ಕೂತ.

ಕೊನೆಯ ಗಾಡಿ ಹೋದ ದಿನ ಅಪ್ಪ ನನ್ನನ್ನೂ ಕರೆದುಕೊಂಡು ಹೊರಟ. ತೋಟಪ್ಪ ಕಟ್ಟೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದ, ನೀಲವ್ವ ಪಕ್ಕದಲ್ಲಿ ನಿಂತಿದ್ದಳು. ಅಪ್ಪ ಮೆಟ್ಟಿಲ ಕೆಳಗೇ ನಿಂತ. ಬಾಯಿ ತೆರೆಯಲು ಹೆದರಿದ್ದ, ನನಗೆ ತಿಳಿಯುತ್ತಿತ್ತು. ಇಷ್ಟಾದ ಮೇಲೂ ಬರದೆ ಹೋದರೆ?

"ಊಟ ಆಯ್ತೇನೋ ತೋಟ?"

ಒಡೆದ ದನಿ, ಆದರೂ ದನಿಯೇ.

"ಈಗ ಕೇಳ್ತೀಯಲ್ಲೋ," ಅಂದ ತೋಟಪ್ಪ. "ತಣ್ಣಗಾಗಿ ಎಷ್ಟೊತ್ತಾಯ್ತು."

ಅಪ್ಪ ಮೆಟ್ಟಿಲ ಮೇಲೇ ಕೂತುಬಿಟ್ಟ. ತೋಟಪ್ಪ ಗಿರಾಕಿಗಳ ಜೊತೆ ಮಾತಾಡುವುದನ್ನು ನಾನು ದೂರದಿಂದ ಕೇಳಿದ್ದೆ, ಆಟದಲ್ಲಿ ಪಾರಿಸಣ್ಣನ ಬಾಯಿಂದ ಕೇಳಿದ್ದೆ. ನಮ್ಮ ಕಡೆಗೆ ತಿರುಗಿದ ಆ ದನಿ ಕೇಳಿದ್ದು ಅದೇ ಮೊದಲು. ಪಾರಿಸಣ್ಣನದಕ್ಕಿಂತ ಮೆತ್ತಗಿತ್ತು. ನನ್ನನ್ನು ನೋಡಿ, ಹೆಸರು ಬರೆಸೋ ಉಪಾಯ ನಮಗಿಂತ ಮೊದಲು ನಿನಗೇ ಹೊಳೀತಲ್ಲವ್ವ ಎಂದು ನಕ್ಕ. ಅದು ನಿಮ್ಮದೇ ಉಪಾಯ ದೊಡ್ಡಪ್ಪ, ಪಾರಿಸಣ್ಣ ಹೇಳಿದ್ದು ಎಂದೆ. ದೊಡ್ಡಪ್ಪ ಎಂಬ ಮಾತು ಎಲ್ಲಿಂದ ಬಂತೋ, ಬಂತು.

ಆಮೇಲೆ ಮಾತೋ ಮಾತು. ಅಪ್ಪ ಬೆಳಿಗ್ಗೆ ತಿಂಡಿ ಮುಗಿಸಿ ಹೋದವನು ಮಧ್ಯಾಹ್ನದ ಊಟಕ್ಕೆ ಬರುತ್ತಿರಲಿಲ್ಲ. ಗುರುವಿನ ಹೆಂಡತಿ ಮಾಡುತ್ತಿದ್ದ ಹುಳಿಯ ರುಚಿ, ಇಬ್ಬರೂ ಒಂದೇ ಹುಡುಗಿಯ ಹಿಂದೆ ಓಡಾಡಿದ್ದು, ತಗಡು ಕೊಯ್ದು ಯಾರ ಬೆರಳಿನಲ್ಲಿ ಮೊದಲು ರಕ್ತ ಬಂದಿತ್ತು ಎಂಬ ಜಗಳ. ನಾನು ಬುತ್ತಿ ತೆಗೆದುಕೊಂಡು ಹೋದವಳು ಅಲ್ಲೇ ನೀಲವ್ವನ ಜೊತೆ ಕೂತು ಕೇಳುತ್ತಿದ್ದೆ. ಒಂದು ದಿನ ಅಪ್ಪ, ಅಮ್ಮ ತೀರಿಕೊಂಡ ವರ್ಷದ ಮಾತು ತೆಗೆದ. ಆ ವರ್ಷ ಮದುವೆಗಳ ಕಾಲದಲ್ಲೇ ತೋಟಪ್ಪ ಇದ್ದಕ್ಕಿದ್ದ ಹಾಗೆ ಬೆಲೆ ಏರಿಸಿದ್ದನಂತೆ. ಗಿರಾಕಿಗಳೆಲ್ಲ ನಮ್ಮ ಕಡೆ ತಿರುಗಿದರು. ಏನೋ ಬಲೆ ಇದೆ ಎಂದು ಅಪ್ಪನೂ ಮಾವನೂ ಅಮಾವಾಸ್ಯೆಯ ಮೇಲೆ ಅಮಾವಾಸ್ಯೆ ತಲೆ ಕೆಡಿಸಿಕೊಂಡರೂ ಅದಕ್ಕೆ ಅರ್ಥ ಸಿಕ್ಕಿರಲಿಲ್ಲ. ಅದೇನು ಲೆಕ್ಕ ಹಾಕಿದ್ದೆ ಎಂದು ಅಪ್ಪ ಕೇಳಿದ.

ತೋಟಪ್ಪ ದಿಂಬಿಗೆ ಒರಗಿಕೊಂಡ. "ಲೆಕ್ಕ ಏನೋ. ನೀನು ಅಂಗಡೀಲಿ ಸುಮ್ಮನೆ ಕೂತಿರ್ತಿದ್ದೆ. ಬಂದು ಮಾತಾಡಿಸೋ ಹಾಗಿರಲಿಲ್ಲ. ಗಿರಾಕಿಗಳಾದ್ರೂ ಬಂದು ಮಾತಾಡಿಸಲಿ ಅಂತ."

ಅಪ್ಪ ಟವಲಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. ನೀವೂ ಆಟ ಆಡುತ್ತಿದ್ದಿರಾ, ನಿಮ್ಮಲ್ಲಿ ಅಪ್ಪನಾಗಿ ಯಾರು ಕೂರುತ್ತಿದ್ದರು ಎಂದು ನಾನು ಕೇಳಿದೆ. ತೋಟಪ್ಪನಿಗೆ ನಗು ಬಂತು. ಇವನ ಬುದ್ಧಿ ತಿಳಿಯಲು ಆಟ ಗೀಟ ನನಗ್ಯಾಕೆ, ಇವನು ಏನು ಮಾಡುತ್ತಾನೆಂದು ಕೂತಲ್ಲೇ ಗೊತ್ತಾಗುತ್ತಿತ್ತು ಎಂದ. ಬೋರ್ಡು ಇಳಿಸುತ್ತಾನೆಂದು ಮಾತ್ರ ತಿಳಿಯಲಿಲ್ಲ, ಅದೊಂದರಲ್ಲಿ ನನ್ನನ್ನು ಸೋಲಿಸಿದ ಎಂದ. ಒಂದೇ ಅಂಗಡಿ ಮಾಡಿಕೊಂಡಿದ್ದರೆ ಇಷ್ಟು ವರ್ಷ ಹೀಗಿರಬೇಕಿರಲಿಲ್ಲವಲ್ಲ ಎಂದು ನೀಲವ್ವ ಅಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ವಯಸ್ಸಿನಲ್ಲಿ ಇಬ್ಬರಿಗೂ ಗೆಲ್ಲುವುದೇ ಬೇಕಾಗಿತ್ತು ಎಂದು ಅಪ್ಪ ಹೇಳಿದ.

ಬಸ್ ಸ್ಟ್ಯಾಂಡಿನ ಯೋಚನೆಯನ್ನು ಬಿಡಬೇಡ ಎಂದು ನನಗೆ ಹೇಳಿದ್ದು ತೋಟಪ್ಪ ದೊಡ್ಡಪ್ಪನೇ. ನಾನೂ ನೀಲವ್ವನೂ ಪಾಲುದಾರರಾದೆವು. ಒಂದೇ ಅಂಗಡಿಯ ಅನ್ನವಾದ್ದರಿಂದ ಯಾರ ಗಂಟಲೂ ಕಟ್ಟಲಿಲ್ಲ. ಹಾಸ್ಟೆಲ್ಲುಗಳು ತೆರೆದಾಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡಪ್ಪ ಗಾಡಿಯಲ್ಲಿ ಕೂತು ಬಂದು ಒಮ್ಮೆ ನೋಡಿಕೊಂಡು ಹೋದ. ದೀಪಾವಳಿ ಕಳೆದ ಮೇಲೆ ತೀರಿಕೊಂಡ. ಅಪ್ಪ ಹೆಗಲು ಕೊಟ್ಟ. ಮಣ್ಣು ಮಾಡಿ ಬಂದ ಮೇಲೆ ಅತ್ತದ್ದು ಪಾರಿಸಣ್ಣ. ಇನ್ನು ಆ ಮೂಗು ಉಜ್ಜುವುದನ್ನು ನಾನು ಯಾರಿಗೆ ತೋರಿಸಲಿ ಎಂದು ಕೇಳುತ್ತಿದ್ದ. ಅಪ್ಪ ಅವನನ್ನು ಮನೆಗೆ ಕರೆತಂದು ಊಟಕ್ಕೆ ಕೂರಿಸಿದ, ಅಂದಿನಿಂದ ಅವನ ಊಟ ನಮ್ಮಲ್ಲೇ ಆಯಿತು. ಅಮಾವಾಸ್ಯೆಗಳಂದು ಅಪ್ಪ ಹಿತ್ತಲಿಗೆ ಹೋಗಿ ಸುಮ್ಮನೆ ಕೂರುತ್ತಿದ್ದ. ಆಟಕ್ಕೆ ಎದುರಾಳಿ ಇರಲಿಲ್ಲ. ನಾನು ಮಂಡಕ್ಕಿ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ.

ಎಷ್ಟೋ ಮದುವೆಯ ಕಾಲಗಳು ಹೋದವು. ನನಗೂ ನೀಲವ್ವನಿಗೂ ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಅಂಗಡಿಯ ಎದುರಿನ ಮಳಿಗೆ ಹಿಡಿದು ಮಂಜಯ್ಯನೆಂಬ ಯುವಕ ಸೂಟ್‌ಕೇಸಿನ ಅಂಗಡಿ ಇಡುವುದಕ್ಕೆ ಬಂದ. ಹಗುರ, ಬಣ್ಣಬಣ್ಣದ, ಗಾಲಿಯಿರುವ ಸೂಟ್‌ಕೇಸುಗಳು. ಟ್ರಂಕೂ ಸೂಟ್‌ಕೇಸೂ ಒಂದೇ ಕಸುಬೋ ಬೇರೆಬೇರೆಯೋ ಎಂದು ಊರಿನಲ್ಲಿ ಚರ್ಚೆಯಾಯಿತು, ಬೋರ್ಡು ಏರುವವರೆಗೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಆಟ ಹೂಡೋಣ, ಅವನು ಏನು ಮಾಡುತ್ತಾನೆಂದು ನೋಡೋಣ ಎಂದು ನೀಲವ್ವ ಹೇಳಿದಳು. ಆಗ ಅಪ್ಪನಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಆಟ ಆಮೇಲೆ ಆಡಿ ಎಂದ.

"ಬೋರ್ಡು ಏರಿಸೋಕೆ ಮುಂಚೆ ಹೋಗಿ ಮಾತಾಡಿಸಿ ಬಾ."

ಹೋದೆ. ಬಡಗಿಗಳು ಬೋರ್ಡನ್ನು ಎತ್ತಿ ಹಿಡಿದಿದ್ದರು. ಮಂಜಯ್ಯ ಪೆಟ್ಟಿಗೆಗಳ ನಡುವೆ ಧೂಳಿನಲ್ಲಿ ನಿಂತಿದ್ದವನು ಕುರ್ಚಿ ಒರೆಸಿ, ಬನ್ನಿ ಅಕ್ಕ, ಕೂತ್ಕೊಳ್ಳಿ ಎಂದ. ಎದುರಾಳಿಯಾಗುವವಳೆಂದು ಗೊತ್ತಿದ್ದರೂ ಮುಖದಲ್ಲಿ ಬಿಗುವಿರಲಿಲ್ಲ. ಎಲ್ಲಿಯವನು, ಮನೆಯಲ್ಲಿ ಯಾರಿದ್ದಾರೆ, ಊಟಕ್ಕೆ ಏನು ಮಾಡಿಕೊಂಡಿದ್ದಾನೆ ಎಂದು ಕೇಳಿದೆ. ಹೆಂಡತಿ ಬಾಣಂತನಕ್ಕೆ ಹೋಗಿದ್ದಾಳೆ, ಮೊದಲ ಕೂಸು ಹೆಣ್ಣು ಎಂದು ಹೇಳಿ ನಾಚಿಕೊಂಡ. ಕೂಸಿಗೆ ಏನು ಹೆಸರಿಡುತ್ತೀಯ ಎಂದು ಕೇಳಿದೆ, ನೀವೇ ಒಂದು ಹೇಳಿ ಅಂದ. ಯೋಚಿಸಿ ಹೇಳುತ್ತೇನೆ ಎಂದೆ. ಹೊರಗೆ ಮೊಳೆ ಹೊಡೆಯುವ ಸದ್ದು ಶುರುವಾಯಿತು. ಸುತ್ತ ನೋಡಿದಾಗ ಸೂಟ್‌ಕೇಸುಗಳನ್ನೆಲ್ಲ ಹಿಂಬದಿಯ ಗೋಡೆಗೆ ಒತ್ತಿ ಜೋಡಿಸಿದ್ದು ಕಣ್ಣಿಗೆ ಬಿತ್ತು. ಆ ಮಳಿಗೆಯ ಗೋಡೆ ಮಳೆಗಾಲದಲ್ಲಿ ಹೇಗೆ ಒಸರುತ್ತದೆಂದು ನನಗೆ ಗೊತ್ತಿತ್ತು. ಹಿಂದೆ ಅಲ್ಲಿದ್ದ ಬಟ್ಟೆಯವನ ಸರಕೆಲ್ಲ ಬೂಷ್ಟು ಹಿಡಿದಿತ್ತು.

"ಮಂಜಯ್ಯ, ಒಂದು ಮಾತು. ಮಳೆ ಬರೋದ್ರೊಳಗೆ ಇವನ್ನೆಲ್ಲ ಆ ಗೋಡೆಯಿಂದ..."

ಅಷ್ಟೇ ಬಂದಿದ್ದು. ಹೊರಗೆ ಬೋರ್ಡು ಏರಿಸಿ ಬಡಗಿ ಏಣಿಯಿಂದ ಇಳಿಯುತ್ತಿದ್ದ. ಮಂಜಯ್ಯನ ತುಟಿಗಳು ಏನೋ ಕೇಳಿದವು, ಸದ್ದಿಲ್ಲ. ಅವನ ಮುಖ ಬಾಡಿತು. ನಾನು ಎದ್ದು ಹಿಂಬದಿಗೆ ಹೋಗಿ ಗೋಡೆಯ ಮೇಲೆ ಅಂಗೈ ಊರಿ, ಅವನ ಕೈಯನ್ನೂ ಹಿಡಿದು ಅಲ್ಲಿ ಇಡಿಸಿದೆ. ತಂಪು ತಾಗಿದ್ದು ಅವನ ಕಣ್ಣಿನಲ್ಲಿ ಕಂಡಿತು. ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ನಾನು ಹಿಡಿದೆ. ಮೊದಲ ಪೆಟ್ಟಿಗೆಯನ್ನು ಬಾಗಿಲ ಕಡೆಗೆ ಸರಿಸಿದೆವು.